ಟಿಕೆಟ್ ಕಿಟಕಿಯ ಎಚ್ಚರಿಕೆ ಕೂಗು

ಮೇ 4, ಬೆಳಗ್ಗೆ 7.50. ಬೇವಿನ ಬುಡದ ಕಲ್ಲುಬೆಂಚು. ಬಿಸಿಲು ಇನ್ನೂ ಎಳೆಯದು. ಹರಟೆಮಲ್ಲ ಏಳು, ಆರು ನೆಲದಲ್ಲಿ ತರಗೆಲೆ ಕೆದಕುತ್ತಿವೆ, ಒಂದು ಗುಲ್‌ಮೊಹರ್ ಕೊಂಬೆಯ ತುದಿಯಲ್ಲಿ ಕಾವಲು ಕೂತಿದೆ. ಟಿಕೆಟ್ ಕಿಟಕಿಯ ಮುಂದೆ ಹನ್ನೊಂದು ಜನ. ಒಳಗೆ ಪ್ರಿಂಟರ್ ಒಂದು. ಅದಕ್ಕೆ ಕಾವಲಿಲ್ಲ.

ಟಿಪ್ಪಣಿ ಪುಸ್ತಕದ ಆ ಪುಟ ಹೀಗೆ ಶುರುವಾಗುತ್ತದೆ. ನಾನು ಬೀದರಿನವನು. ಹೈದರಾಬಾದಿಗೆ ಬಂದು ಕಾಚಿಗುಡದಲ್ಲಿ, ಕರ್ನಾಟಕ ಸಾಹಿತ್ಯ ಮಂದಿರಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಮನೆ ಮಾಡಿ ಮೂವತ್ತು ವರ್ಷ ದಾಟಿತು. ಹೊಟ್ಟೆಪಾಡಿಗೆ ಪ್ರಿಂಟರ್ ರಿಪೇರಿ, ಜೀವಕ್ಕೆ ಹಕ್ಕಿ. ಎರಡೂ ಒಂದೇ ಕಡೆ ಸಿಕ್ಕಿದ್ದು ಈ ಬೇಸಿಗೆಯಲ್ಲಿ ಮಾತ್ರ. ನಗರದ ಹಳೆಯ ಭಾಗದ ಒಂದು ಉದ್ಯಾನದವರು ಕರೆದು, "ಪ್ರಿಂಟರಿನ ಕಾಗದ ಮುಗಿಯುವ ಮುಂಚೆ ನಮಗೆ ಮೇಲ್ ಬರಬೇಕು, ಅಷ್ಟು ಮಾಡಿಕೊಡಿ" ಎಂದರು. ಉದ್ಯಾನದ ಹೆಸರು ಬರೆಯುವುದಿಲ್ಲ. ಪ್ರಿಂಟರಿನ ಹುಳುಕು ಅವರ ತಲೆಗೆ ಬರುವುದು ಬೇಡ.

ಕೆಲಸ ಅರ್ಧ ಗಂಟೆಯದು ಎಂದು ಅವರು ತಿಳಿದಿದ್ದರು. ನಾನು ಎರಡು ವಾರ ಕೇಳಿದೆ. ಹತ್ತು ದಿನ ಬರೀ ಕೂತು ನೋಡುತ್ತೇನೆ, ಆಮೇಲೆ ಕೈ ಹಾಕುತ್ತೇನೆ ಅಂದಾಗ ಅಧಿಕಾರಿ ನನ್ನನ್ನೇ ಒಂದು ಅಪರೂಪದ ಪ್ರಾಣಿಯಂತೆ ನೋಡಿದರು. ಆದರೂ ಒಪ್ಪಿದರು. ನೋಡುವ ದಿನಗಳಿಗೆ ಕೂಲಿ ಕೇಳಿರಲಿಲ್ಲವಲ್ಲ.

ನೋಡದೆ ಎಚ್ಚರಿಕೆ ಗಂಟೆ ಕಟ್ಟಿದರೆ ಏನಾಗುತ್ತದೆ ಎಂದು ನನಗೆ ಕಸುಬೇ ಕಲಿಸಿದೆ. ಇದೇ ನೆಲದಲ್ಲಿ ನೋಡುವುದನ್ನು ಕಲಿಸಿ ಹೋದವರು ಬೇರೆ. 1931–32ರಲ್ಲಿ ನಿಜಾಮ್ ಸರ್ಕಾರದ ನೆರವಿನಿಂದ ಸಲೀಂ ಅಲಿ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ಸಂಸ್ಥಾನವೆಂದರೆ ಆಗ ನಮ್ಮ ಬೀದರ್, ಕಲಬುರಗಿ, ರಾಯಚೂರು ಎಲ್ಲ ಸೇರಿ. ಯಾವ ಹಕ್ಕಿ, ಎಲ್ಲಿ, ಯಾವಾಗ, ಏನು ಮಾಡುತ್ತಿತ್ತು ಎಂಬ ಲೆಕ್ಕ ಮೊದಲು, ಮಾತೆಲ್ಲ ಆಮೇಲೆ. ಪ್ರಿಂಟರಿಗೂ ಅದೇ ನಾಲ್ಕು ಪ್ರಶ್ನೆ ಸಾಕು ಎಂದು ಪುಟಕ್ಕೆ ನಾಲ್ಕು ಗೆರೆ ಎಳೆದುಕೊಂಡೆ.

ಮೇ 5. ಕೌಂಟರಿನೊಳಗೆ ಜಾಗ ಎಂಟಡಿಗೆ ಆರಡಿ. ಟಿಕೆಟ್ ಕೊಡುವ ಹೆಣ್ಣುಮಗಳು ಜಹೀರಾಬಾದ್ ಕಡೆಯವಳು. ಗಡಿಯ ಆಚೆಗೆ ನಮ್ಮ ಬೀದರ್. ಕಿಟಕಿಗೆ ಬಂದವರೊಡನೆ ತೆಲುಗು, ಕಾವಲುಗಾರನೊಡನೆ ದಖನಿ, ನನ್ನ ಮಾತಿನ ಧಾಟಿ ಕೇಳಿದ ಮೇಲೆ ಕನ್ನಡ.

"ಕಾಕಾ, ಇದು ಏನ್ ಹೇಳ್ದೆ ಕೇಳ್ದೆ ನಿಂತ್ ಬಿಡ್ತದ್ರೀ. ರೋಲ್ ಖಾಲಿ ಆಗ್ಯಾದ ಅಂತ ಲೈನಿನ ಮಂದಿ ಹೇಳ್ಬೇಕು ನಂಗ."

"ಬ್ಯಾರೆ ರೋಲ್ ಎಲ್ಲಿ ಇಡ್ತೀಯವ್ವಾ?"

"ಆ ಗೇಟಿನ ಸ್ಟೋರಿನ್ಯಾಗ. ಕೀಲಿ ಅವರ ಹತ್ರ. ಫೋನ್ ಮಾಡ್ಬೇಕು, ಅವರು ಎತ್ಬೇಕು, ಬರ್ಬೇಕು."

ನಡೆದು ನೋಡಿದೆ. ಸ್ಟೋರಿನಿಂದ ಕೌಂಟರಿಗೆ, ನಡುವೆ ಯಾರೂ ಮಾತಾಡಿಸದಿದ್ದರೆ, ಹನ್ನೆರಡು ನಿಮಿಷ. ಈ ಹನ್ನೆರಡನ್ನು ಕೆಂಪು ಶಾಯಿಯಲ್ಲಿ ಬರೆದುಕೊಂಡೆ. ಮುಂದಿನ ಎಲ್ಲ ಲೆಕ್ಕವೂ ಇದಕ್ಕೇ ಬಂದು ನಿಂತಿತು.

ಪ್ರಿಂಟರಿನ ವರ್ಣನೆ: ಇಟ್ಟಿಗೆ ಗಾತ್ರ, ಕಪ್ಪು ಮೈ, ಮೇಲೆ ಮುಚ್ಚಳ, ಎದುರಿಗೆ ಮೂರು ದೀಪ, ಹಿಂದೆ ಬಾಲದಂತೆ ನೀಲಿ ಕೇಬಲ್. ಇದು ಶಾಯಿ ಕುಡಿಯುವ ಜಾತಿಯದಲ್ಲ. ಕಾಗದದ ಮೇಲೆಯೇ ಬಣ್ಣವಿಲ್ಲದ ಬಣ್ಣವೊಂದನ್ನೂ ಅದನ್ನು ಕಪ್ಪಾಗಿಸುವ ಆಮ್ಲದಂಥ ಪುಡಿಯೊಂದನ್ನೂ ಸವರಿರುತ್ತಾರೆ. ಪ್ರಿಂಟರಿನ ತಲೆಯಲ್ಲಿ ಮಿಲಿಮೀಟರಿಗೆ ಎಂಟರಂತೆ, 72 ಮಿಲಿಮೀಟರಿನ ಸಾಲಿನಲ್ಲಿ 576 ಬಿಸಿ ಚುಕ್ಕಿಗಳು. ಚುಕ್ಕಿ ಕಾದಲ್ಲಿ ಎರಡೂ ಕರಗಿ ಬೆರೆತು ಕರಿಯಾಗುತ್ತವೆ. ಮೇ ತಿಂಗಳ ಹೈದರಾಬಾದಿನಲ್ಲಿ ಕಾರಿನ ಗಾಜಿನ ಕೆಳಗೆ ಬಿಟ್ಟ ಟಿಕೆಟ್ ಸಂಜೆಗೆ ಮಸಿ ಬಳಿದಂತೆ ಆಗಿರುವುದು ಇದೇ ಕಾರಣಕ್ಕೆ. ಸೂರ್ಯನೂ ಅದರ ಮೇಲೆ ತನ್ನ ಟಿಕೆಟ್ ಒತ್ತಿರುತ್ತಾನೆ.

ಮೇ 6ರಿಂದ 9. ವಾರದ ದಿನ ನಿಮಿಷಕ್ಕೆ ಒಂದು ಟಿಕೆಟ್ ಹೋದರೆ ಹೆಚ್ಚು. ಭಾನುವಾರ ಹನ್ನೊಂದರ ಹೊತ್ತಿಗೆ ನಿಮಿಷಕ್ಕೆ ಐದು. ಟಿಕೆಟಿನ ಉದ್ದ 12 ಸೆಂಟಿಮೀಟರ್, ರೋಲು 50 ಮೀಟರ್: ಒಂದು ರೋಲಿಗೆ ನಾನೂರು ಚಿಲ್ಲರೆ. ಕೊನೆಗೆ ಬಂದಾಗ ಕಾಗದದ ಅಂಚಿನಲ್ಲಿ ಗುಲಾಬಿ ಗೆರೆ ಮೂಡುತ್ತದೆ. ಹೆಣ್ಣುಮಗಳಿಗೆ ಅದು ಕಾಣುವುದಿಲ್ಲ ಎಂದಲ್ಲ. ಚಿಲ್ಲರೆ ಎಣಿಸುವ ಕಣ್ಣು ಕಾಗದದ ಅಂಚನ್ನು ನೋಡುವುದಿಲ್ಲ. ಗೆರೆ ಮೂಡಿದ ಮೊದಲ ಟಿಕೆಟನ್ನು ಎರಡು ಸಲ ನಾನು ಹೊರಗೆ, ಜನ ಬಿಸಾಕಿದ ನೆಲದಲ್ಲಿ, ಹೆಕ್ಕಿದೆ.

ಇದೇ ಪ್ರಿಂಟರಿಗೆ ಕಾಗದ ತೀರುತ್ತ ಬಂದುದನ್ನು ಅರಿಯುವ ಒಂದು ಕಣ್ಣಿದೆ. ರೋಲಿನ ಪಕ್ಕೆಗೆ ಎದುರಾಗಿ ಕೂತಿರುವ ಈ ಕಣ್ಣು ತಾನೇ ಬೆಳಕು ಬಿಡುತ್ತದೆ. ರೋಲು ದಪ್ಪಗಿರುವಷ್ಟು ಕಾಲ ಬೆಳಕು ಬಿಳಿ ಕಾಗದಕ್ಕೆ ಬಡಿದು ಹಿಂದೆ ಬರುತ್ತದೆ. ರೋಲು ಸೊರಗಿ ಕಣ್ಣಿನ ಮಟ್ಟಕ್ಕಿಂತ ಕೆಳಗಿಳಿದಾಗ ಬೆಳಕು ಮರಳುವುದಿಲ್ಲ, "ಕಾಗದ ಮುಗಿಯುತ್ತಿದೆ" ಎಂಬ ಸ್ಥಿತಿ ಹುಟ್ಟುತ್ತದೆ. ಅಂದರೆ ಅದು ಅಳೆಯುವುದು ರೋಲಿನ ಹೊರ ಅಳತೆಯನ್ನು. ಎಷ್ಟು ಕಾಗದ ಉಳಿದಿದೆ ಎಂಬುದು ಅದಕ್ಕೆ ತಿಳಿಯದು.

ಈ ವ್ಯತ್ಯಾಸದ ಬೆಲೆ ಗೊತ್ತಾದದ್ದು ಐದನೆಯ ದಿನ. ಒಂದು ರೋಲಿನಲ್ಲಿ ದೀಪ ಹೊತ್ತಿದ ಮೇಲೆ ಐವತ್ತರ ಹತ್ತಿರ ಟಿಕೆಟ್ ಬಂದವು. ಇನ್ನೊಂದರಲ್ಲಿ ಹದಿನೇಳಕ್ಕೇ ನಿಂತಿತು. ಕಣ್ಣು ಕೆಟ್ಟಿದೆ ಅಂದುಕೊಂಡೆ. ಬುಟ್ಟಿಯಿಂದ ಎರಡೂ ರೋಲಿನ ಒಳಕೊಳವೆಗಳನ್ನು ತೆಗೆದು ಅಳೆದಾಗ ನಗು ಬಂತು: ಒಂದರ ಹೊರ ಅಡ್ಡಳತೆ 18 ಮಿಲಿಮೀಟರ್, ಇನ್ನೊಂದರದು 25. ಇಬ್ಬರು ಬೇರೆ ಬೇರೆ ಅಂಗಡಿಯವರ ಸರಕು. ಕಣ್ಣು ಎಚ್ಚರಗೊಳ್ಳುವುದು 28 ಮಿಲಿಮೀಟರಿಗೆ. ಕಾಗದದ ದಪ್ಪ 0.06 ಮಿಲಿಮೀಟರ್ ಎಂದಿಟ್ಟು ಲೆಕ್ಕ ಹಾಕಿ: ಸಣ್ಣ ಕೊಳವೆಯ ಸುತ್ತ ಆರು ಮೀಟರ್ ಉಳಿದಿರುತ್ತದೆ, ದಪ್ಪ ಕೊಳವೆಯ ಸುತ್ತ ಎರಡೇ ಮೀಟರ್. ಭಾನುವಾರದ ಲೆಕ್ಕದಲ್ಲಿ ಅದು ಹತ್ತು ನಿಮಿಷ ಮತ್ತು ಮೂರೂವರೆ ನಿಮಿಷ. ಸ್ಟೋರಿನವರು ಬರಲು ಹನ್ನೆರಡು.

ನೋಡದೆ ಮೊದಲ ದಿನವೇ ಮೇಲ್ ಕಟ್ಟಿದ್ದರೆ, ಮೇಲ್ ಸರಿಯಾಗಿ ಹೋಗಿ, ಸರಿಯಾಗಿ ತಲುಪಿ, ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ. ಕಣ್ಣನ್ನು ಮೇಲಕ್ಕೆ ಸರಿಸಲು ಒಳಗೊಂದು ತಿರುಪಿದೆ. ಎರಡು ಗೆರೆ ಮೇಲೇರಿಸಿದೆ. ಸಣ್ಣ ಕೊಳವೆಯ ರೋಲನ್ನೇ ತರಿಸಿ ಎಂದು ಬರೆದುಕೊಟ್ಟೆ. ಇಷ್ಟೂ ಹೊತ್ತು ಕಂಪ್ಯೂಟರ್ ಮುಟ್ಟಿರಲಿಲ್ಲ.

ಮೇ 10, ಬೆಳಗ್ಗೆ 8.20. ಕಾವಲು ಹರಟೆಮಲ್ಲ ಒಮ್ಮೆಲೇ ಕರ್ಕಶವಾಗಿ ಕಿರುಚಿತು. ನೆಲದಲ್ಲಿದ್ದ ಆರೂ ಲಂಟಾನದ ಪೊದೆಗೆ ನುಗ್ಗಿದವು. ಶಿಕ್ರ ಗಿಡುಗವೊಂದು ಕೌಂಟರಿನ ತಗಡಿನ ಮೇಲಿಂದ ತೇಲಿಹೋಯಿತು. ಅರ್ಧ ನಿಮಿಷದ ಮೇಲೆ ಒಂದೊಂದೇ ಹೊರಬಂದವು. ಅದೇ ಹೊತ್ತಿಗೆ ಗೇಟಿನ ಬಳಿ ನಾಯಿಯೊಂದು ಬಂದಾಗ ಕೂಗು ಬೇರೆ: ತಗ್ಗಿನ ಕಿಚಕಿಚ, ಯಾರೂ ಪೊದೆಗೆ ಓಡಲಿಲ್ಲ, ಕತ್ತೆತ್ತಿ ನೋಡಿದವು ಅಷ್ಟೇ.

ಕೀನ್ಯಾದ ಆಂಬೊಸೆಲಿಯ ವರ್ವೆಟ್ ಕೋತಿಗಳ ಬಗ್ಗೆ ಸೇಫರ್ತ್, ಚೆನಿ ಮತ್ತು ಮಾರ್ಲರ್ 1980ರಲ್ಲಿ ಪ್ರಕಟಿಸಿದ ಕೆಲಸ ನೆನಪಾಯಿತು. ಚಿರತೆಗೆ ಒಂದು ಕೂಗು, ಹದ್ದಿಗೆ ಒಂದು, ಹಾವಿಗೆ ಒಂದು. ಶತ್ರುವೇ ಇಲ್ಲದ ಕಡೆ ಧ್ವನಿಮುದ್ರಿಕೆಯನ್ನಷ್ಟೇ ಕೇಳಿಸಿದರೂ ಚಿರತೆಯ ಕೂಗಿಗೆ ಮರ ಹತ್ತಿದವು, ಹದ್ದಿನ ಕೂಗಿಗೆ ಆಕಾಶ ನೋಡಿದವು, ಹಾವಿನ ಕೂಗಿಗೆ ಕಾಲ ಬುಡ ನೋಡಿದವು. ಕೇಳಿದವರ ಕಾಲು ಎತ್ತ ಓಡಬೇಕು ಎಂಬುದನ್ನು ಕೂಗೇ ಹೇಳಿಬಿಡುತ್ತದೆ. ಪ್ರಿಂಟರ್ ತಯಾರಿಸುವವರು ಕೊಡುವ ಮೇಲ್‌ಗಳ ತಲೆಬರಹ ಎಂಥದ್ದು ಗೊತ್ತೆ? "ಪ್ರಿಂಟರ್ ಎಚ್ಚರಿಕೆ". ಅಷ್ಟೇ. ಚಿರತೆಯೋ ಹಾವೋ ತಿಳಿಯಲು ಒಳಗೆ ತೆರೆದು ನೋಡಬೇಕು.

ಪ್ರಿಂಟರ್ ತನ್ನ ಕಷ್ಟ ತಾನೇ ಹೇಳಲಿ ಎಂಬ ಆಸೆಗೆ ಕಂಪ್ಯೂಟರ್ ಲೋಕದಲ್ಲಿ ದೊಡ್ಡ ಕಥೆಯೇ ಇದೆ. ಅಮೆರಿಕದ ಎಂ.ಐ.ಟಿ.ಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಪ್ರಿಂಟರ್ ಒಂದು ಕಡೆ, ಕೆಲಸ ಮಾಡುವವರು ಇನ್ನೊಂದು ಕಡೆ. ಕಾಗದ ಸಿಕ್ಕಿಕೊಂಡರೆ ಯಾರಿಗೂ ತಿಳಿಯುತ್ತಿರಲಿಲ್ಲ. ರಿಚರ್ಡ್ ಸ್ಟಾಲ್‌ಮನ್ ಎಂಬ ತರುಣ ಅದರ ತಂತ್ರಾಂಶ ತಿದ್ದಿ, ಕಾಗದ ಸಿಕ್ಕಿಕೊಂಡಾಗ ತಮ್ಮ ಸರದಿಗೆ ಕಾದಿರುವವರಿಗೆಲ್ಲ ಸುದ್ದಿ ಮುಟ್ಟುವ ಹಾಗೆ ಮಾಡಿದ. 1980ರ ಸುಮಾರಿಗೆ ಹೊಸ ಲೇಸರ್ ಪ್ರಿಂಟರ್ ಬಂತು. ಅದರ ತಂತ್ರಾಂಶದ ಮೂಲವನ್ನು ಯಾರೂ ಕೊಡಲಿಲ್ಲ, ಆದ್ದರಿಂದ ತಿದ್ದಲಾಗಲಿಲ್ಲ. ಆ ಸಿಟ್ಟು ಬೆಳೆದು 1983ರಲ್ಲಿ ಅವನು, ಯಾರು ಬೇಕಾದರೂ ತಿದ್ದಬಹುದಾದ ತಂತ್ರಾಂಶಕ್ಕೆಂದು, ಗ್ನೂ ಯೋಜನೆ ಘೋಷಿಸಿದ. ಇಂದು ಲಿನಕ್ಸ್ ಓಡುವ ಕಡೆಯೆಲ್ಲ ಅದರ ಬೇರಿದೆ. ಇದರಲ್ಲಿ ನನಗೆ ಹಿಡಿಸುವ ಒಂದು ಸಂಗತಿ: ಅವನ ಸುದ್ದಿ ಹೋಗುತ್ತಿದ್ದದ್ದು ಆ ಹೊತ್ತಿಗೆ ಪ್ರಿಂಟರಿನಿಂದ ಏನನ್ನೋ ಬಯಸಿ ಕಾದಿದ್ದವರಿಗೆ, ಎದ್ದು ಹೋಗಿ ಕಾಗದ ಬಿಡಿಸಲು ಮನಸ್ಸಿದ್ದವರಿಗೆ.

ನಮ್ಮ ಕೌಂಟರಿನಲ್ಲಿ ಕಾಗದ ಪೂರ್ತಿ ಮುಗಿದ ಸುದ್ದಿ ಯಾರಿಗೆ ಬೇಕು? ಹೆಣ್ಣುಮಗಳಿಗೆ ಬೇಡ, ಅವಳ ಮುಂದೆ ನಲವತ್ತು ಜನ ಅದನ್ನೇ ಕೂಗುತ್ತಿರುತ್ತಾರೆ. ಮುಚ್ಚಳ ತೆರೆದ ಸುದ್ದಿ? ತೆರೆದವಳೇ ಅವಳು. ಮುಗಿಯುತ್ತ ಬಂದ ಸುದ್ದಿ ಸ್ಟೋರಿನವರಿಗೆ. ಟಿಕೆಟ್ ಕತ್ತರಿಸುವ ಕತ್ತರಿ ಸಿಕ್ಕಿಕೊಂಡ ಸುದ್ದಿ ನನಗೆ. ತಲೆ ಕಾದ ಸುದ್ದಿ ಕಚೇರಿಗೆ, ಯಾಕೆಂದರೆ ಮಾಡಿನ ತಗಡಿಗೆ ನೆರಳು ಹಾಕಿಸಬೇಕಾದವರು ಅವರು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಅಧಿಕಾರಿಗೆ ತೋರಿಸಿದಾಗ ಅವರು, "ಎಲ್ಲ ಮೇಲೂ ಎಲ್ಲರಿಗೂ ಹೋಗಲಿ, ಸೇಫು" ಎಂದರು. ಒಂದು ಭಾನುವಾರ ಹಾಗೆ ಬಿಟ್ಟು ನೋಡೋಣ ಎಂದೆ.

ಮೇ 14. ಕೈ ಹಾಕಿದೆ. ಫೀಡ್ ಗುಂಡಿ ಒತ್ತಿ ಹಿಡಿದು ಸ್ವಿಚ್ ಹಾಕಿದರೆ ಪ್ರಿಂಟರ್ ತನ್ನ ಜಾತಕವನ್ನು ತಾನೇ ಒತ್ತಿಕೊಡುತ್ತದೆ. ಅದರಲ್ಲಿ ಅದರ ಐಪಿ ವಿಳಾಸ. ಆ ವಿಳಾಸವನ್ನು ಕೌಂಟರಿನ ಕಂಪ್ಯೂಟರಿನಲ್ಲಿ ಬರೆದರೆ ಪ್ರಿಂಟರಿನ ಪುಟ ತೆರೆಯಿತು. ವಿಳಾಸ ಮಾತ್ರ ದಿನಕ್ಕೊಂದು ಕೊಂಬೆ ಬದಲಿಸುವಂಥದ್ದು. ರೂಟರಿನಲ್ಲಿ ಅದನ್ನು ಒಂದೇ ಕೊಂಬೆಗೆ ಕಟ್ಟಿದೆ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಹಾಗೇ ಇತ್ತು, ಬದಲಿಸಿದೆ. 2018ರ ನವೆಂಬರಿನಲ್ಲಿ ಯಾರೋ ಒಬ್ಬ, ಅಂತರ್ಜಾಲಕ್ಕೆ 9100ನೆಯ ಪೋರ್ಟ್ ತೆರೆದುಕೊಂಡಿದ್ದ ಐವತ್ತು ಸಾವಿರದಷ್ಟು ಪ್ರಿಂಟರುಗಳಲ್ಲಿ ತನ್ನ ಮೆಚ್ಚಿನ ಯೂಟ್ಯೂಬರನ ಜಾಹೀರಾತು ಒತ್ತಿಸಿದ್ದು ನೆನಪಿದ್ದರೆ ಇದನ್ನು ಯಾರೂ ನಾಳೆಗೆ ಬಿಡುವುದಿಲ್ಲ.

ಪರೀಕ್ಷೆಯ ಮೇಲ್ ಕಳಿಸಿದೆ. ಹೋಗಲಿಲ್ಲ. ಟಿಕೆಟ್ ಒತ್ತುತ್ತದೆ, ಕೇಬಲ್ ಸರಿಯಿದೆ, ಮೇಲ್ ಮಾತ್ರ ಇಲ್ಲ. ಒಂದು ಗಂಟೆ ಕಳೆಯಿತು. ಕಾವಲುಗಾರ ಇರಾನಿ ಚಹಾ ತಂದಿಟ್ಟು, "ಟೆನ್ಶನ್ ನಕ್ಕೋ ಲೋ ಸಾಬ್" ಎಂದ. ಚಹಾ ಮುಗಿಯುವ ಹೊತ್ತಿಗೆ ಕಣ್ಣಿಗೆ ಬಿತ್ತು: ಗೇಟ್‌ವೇ ಎಂಬ ಸಾಲು ಖಾಲಿ, ಅದರ ಕೆಳಗಿನ ಡಿಎನ್ಎಸ್ ಸಾಲೂ ಖಾಲಿ. ಪಕ್ಕದ ಕಂಪ್ಯೂಟರಿನಿಂದ ಟಿಕೆಟ್ ತರಿಸಿಕೊಳ್ಳಲು ಇವೆರಡೂ ಬೇಡ. ಊರಾಚೆಗೆ ಪತ್ರ ಹಾಕಬೇಕಾದರೆ ಬಾಗಿಲು ಯಾವುದು, ದಾರಿ ಯಾರನ್ನು ಕೇಳಬೇಕು ಎಂದು ಹೇಳಿಕೊಡಬೇಕು. ಆರು ತಿಂಗಳಿಂದ ಪ್ರಿಂಟರ್ ಬಾಗಿಲಿಲ್ಲದ ಮನೆಯಲ್ಲಿ ಸುಖವಾಗಿತ್ತು.

ಆಮೇಲಿನ ತಡೆ ಇನ್ನೂ ಗಟ್ಟಿ. ಮೇಲ್ ಸರ್ವರು ಪ್ರಿಂಟರಿನ ಗುರುತನ್ನು ಒಪ್ಪಲಿಲ್ಲ. ಕಾಲ ಬದಲಾಗಿದೆ: ಹೆಸರು ಮತ್ತು ಪಾಸ್‌ವರ್ಡ್ ಎರಡೇ ಕೊಟ್ಟು ಒಳಗೆ ಬರುವುದನ್ನು ಗೂಗಲ್ 2022ರ ಮೇ 30ರಿಂದ ನಿಲ್ಲಿಸಿತು, ಎರಡು ಹಂತದ ಗುರುತು ಮಾಡಿಸಿಕೊಂಡು, ಯಂತ್ರಕ್ಕೆಂದೇ ಹದಿನಾರು ಅಕ್ಷರದ ಬೇರೆ ಗುಪ್ತಪದ ಪಡೆಯಬೇಕು. ಉಳಿದ ದೊಡ್ಡ ಸಂಸ್ಥೆಗಳದ್ದೂ ಹೆಚ್ಚುಕಡಿಮೆ ಅದೇ ದಾರಿ. ಒಳ್ಳೆಯದೇ. ಆದರೆ ಈ ಪ್ರಿಂಟರಿಗೆ ಗೊತ್ತಿದ್ದ ಗೂಢಲಿಪಿ ಹಳೆಯ ಕಾಲದ್ದು. ಸರ್ವರು ಹೊಸ ಲಿಪಿಯಲ್ಲದೆ ಮಾತಾಡುವುದಿಲ್ಲ. ಹೊಸ ಪ್ರಿಂಟರ್ ಕೊಳ್ಳಿ ಎನ್ನುವುದು ಸುಲಭದ ಸಲಹೆ. ನಾನು ಕೌಂಟರಿನ ಕಂಪ್ಯೂಟರಿನಲ್ಲೇ ಒಬ್ಬ ಸಣ್ಣ ಅಂಚೆಯವನನ್ನು ಕೂರಿಸಿದೆ. ಪ್ರಿಂಟರ್ ಕೋಣೆಯೊಳಗೆ ತನ್ನ ಹಳೆಯ ಭಾಷೆಯಲ್ಲಿ ಅವನಿಗೆ ಹೇಳುತ್ತದೆ, ಅವನು ಹೊಸ ಲಿಪಿಯಲ್ಲಿ ಮುದ್ರೆ ಹಾಕಿ 587ನೆಯ ಪೋರ್ಟಿನಿಂದ ಹೊರಗೆ ಕಳಿಸುತ್ತಾನೆ. ಕೋಣೆಯ ಹೊರಗಿನ ಯಾರ ಪತ್ರವನ್ನೂ ಮುಟ್ಟಬೇಡ ಎಂದು ಅವನಿಗೆ ಕಟ್ಟು ಹಾಕಿದೆ. ಇಲ್ಲದಿದ್ದರೆ ಊರವರ ಕಸದ ಪತ್ರವೆಲ್ಲ ಅವನ ಹೆಗಲೇರುತ್ತದೆ.

ಮೇಲ್ ಹೋಯಿತು. ಬಂದದ್ದು ಕಾಣಲಿಲ್ಲ. ಕೊನೆಗೆ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು: ಅದರ ತಾರೀಖು 1970ರ ಜನವರಿ 1. ಗಡಿಯಾರ ಹಾಕದ ಎಷ್ಟೋ ಯಂತ್ರಗಳು ತಾವು ಆ ದಿನ ಹುಟ್ಟಿದೆವೆಂದು ನಂಬಿರುತ್ತವೆ. ಗಡಿಯಾರ ಸರಿಪಡಿಸಿದೆ. ಕಳಿಸುವವರ ಹೆಸರಿನ ಜಾಗದಲ್ಲಿ "ಕೌಂಟರ್ 1 ಪ್ರಿಂಟರ್" ಎಂದು ಬರೆದೆ. ತಲೆಬರಹಗಳನ್ನು ಅಂಚೆಯವನ ಕೈಯಲ್ಲಿ ಬದಲಾಯಿಸಿದೆ: "ರೋಲ್ ತನ್ನಿ, ಕೌಂಟರ್ 1." "ಕತ್ತರಿ ಸಿಕ್ಕಿದೆ." "ತಲೆ ಬಿಸಿ." ಸ್ಟೋರಿನವರಿಗೆ ತೆಲುಗಿನಲ್ಲಿ, ನನಗೆ ಕನ್ನಡದಲ್ಲಿ.

ಮೇ 18, ಭಾನುವಾರ. ಎಲ್ಲ ಮೇಲೂ ಎಲ್ಲರಿಗೂ. ಸಂಜೆ ಆರಕ್ಕೆ ಎಣಿಸಿದಾಗ 38. ಮುಚ್ಚಳ ತೆರೆಯಿತು, ಮುಚ್ಚಳ ಮುಚ್ಚಿತು, ಕಾಗದ ಇಲ್ಲ, ಕಾಗದ ಇದೆ, ತಲೆ ಬಿಸಿ, ತಲೆ ತಂಪು. ಸ್ಟೋರಿನವರು ಮಧ್ಯಾಹ್ನ ಎರಡಕ್ಕೇ ಫೋನಿನ ಸದ್ದು ಅಡಗಿಸಿದ್ದರು. ಮೂರೂಕಾಲಿಗೆ ಬಂದ, ನಿಜಕ್ಕೂ ಅವರದಾಗಿದ್ದ ಮೇಲನ್ನು ಅವರು ನೋಡಲಿಲ್ಲ. ಸಾಲು ಗೇಟು ದಾಟಿ ರಸ್ತೆಗೆ ಬಂತು.

ಹೈದರಾಬಾದಿನ ಬಂಡೆಬಯಲುಗಳಲ್ಲಿ, ಕೆರೆಯಂಚುಗಳಲ್ಲಿ ಟಿಟ್ಟಿಭ ಇದೆಯಲ್ಲ, ಅದು ನೆನಪಾಗದೆ ಇರಲಿಲ್ಲ. ಮನುಷ್ಯ ಬಂದರೆ ಕೂಗು, ಎಮ್ಮೆ ಬಂದರೆ ಕೂಗು, ನಡುರಾತ್ರಿ ಏನೂ ಬರದಿದ್ದರೂ ಕೂಗು. ಮೊಟ್ಟೆ ನೆಲದಲ್ಲೇ ಇಡುವ ಹಕ್ಕಿ, ಅದಕ್ಕೆ ಬೇರೆ ದಾರಿಯಿಲ್ಲ ಎಂಬುದು ನಿಜ. ಹತ್ತಿರದ ಮನೆಗಳವರು ಮಾತ್ರ ಅದನ್ನು ಕೇಳಿಯೂ ಕೇಳದೆ ಮಲಗುತ್ತಾರೆ. ನಮ್ಮ ಕಾಜಾಣದ ಸಂಬಂಧಿಯೊಂದು ಇನ್ನೂ ಮುಂದೆ ಹೋಗಿದೆ. ಆಫ್ರಿಕದ ಕಲಹಾರಿಯಲ್ಲಿ ಕವಲುಬಾಲದ ಕಾಜಾಣ ಬೇರೆ ಪ್ರಾಣಿಗಳ ಎಚ್ಚರಿಕೆ ಕೂಗನ್ನು ಅನುಕರಿಸಿ ಅವು ಓಡಿದಾಗ ಅವುಗಳ ಆಹಾರ ಕದಿಯುತ್ತದೆ. ಟಾಮ್ ಫ್ಲವರ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದ ಸೂಕ್ಷ್ಮವೆಂದರೆ, ಒಂದೇ ಸುಳ್ಳು ಕೂಗನ್ನು ಮತ್ತೆ ಮತ್ತೆ ಕೇಳಿದವು ಓಡುವುದನ್ನು ಬಿಡುತ್ತವೆ, ಆಗ ಕಾಜಾಣ ಕೂಗು ಬದಲಿಸುತ್ತದೆ. ಕಳ್ಳನಿಗೂ ಈ ಲೆಕ್ಕ ಗೊತ್ತಿದೆ.

ಸೋಮವಾರ ಅಧಿಕಾರಿ ನನ್ನ ಹಳೆಯ ಹಾಳೆಯನ್ನು ತಾವೇ ಹುಡುಕಿ ತೆಗೆದರು. ಹದಿನೆಂಟು ಬಗೆಯ ಎಚ್ಚರಿಕೆಗಳಲ್ಲಿ ಮೂರನ್ನು ಉಳಿಸಿದೆ.

ಮೇ 22. ವಿಚಿತ್ರ. ಹಿಂದಿನ ರಾತ್ರಿ 11.40ರಿಂದ 2.15ರ ವರೆಗೆ ಸ್ಟೋರಿನವರಿಗೆ ಹನ್ನೊಂದು ಮೇಲ್. "ರೋಲ್ ತನ್ನಿ." "ರೋಲ್ ಸರಿ ಇದೆ." "ರೋಲ್ ತನ್ನಿ." ಕೌಂಟರಿಗೆ ಬೀಗ, ಒಳಗೆ ನರಪಿಳ್ಳೆಯಿಲ್ಲ. ಸ್ಟೋರಿನವರ ಹೆಂಡತಿ ನನಗೆ ಫೋನಿನಲ್ಲಿ ಹೇಳಿದ್ದನ್ನು ಇಲ್ಲಿ ಬರೆಯಲಾರೆ.

ಮೇ 23ರ ರಾತ್ರಿ ಅನುಮತಿ ಪಡೆದು ಕೌಂಟರಿನೊಳಗೆ ಕೂತೆ. ಟಾರ್ಚಿಗೆ ಕೆಂಪು ಕಾಗದ ಸುತ್ತಿದ್ದೆ, ಸ್ಟೋರಿನವರ ಮೇಲ್ ನನಗೂ ಬರುವಂತೆ ಮಾಡಿಕೊಂಡಿದ್ದೆ. ಸಂಜೆಯ ರೋಲನ್ನು, ಸೊರಗಿದ್ದಂತೆಯೇ, ಪ್ರಿಂಟರಿನಲ್ಲೇ ಬಿಡಿಸಿದ್ದೆ. ಮುಚ್ಚಳ ಹಿಂದಿನ ರಾತ್ರಿಯಂತೆ ಬೆರಳಷ್ಟು ಸಂದು ಬಿಟ್ಟಿತ್ತು. ಅದರ ಕೊಂಡಿ ಸಡಿಲ. 10.30: ಸೊಳ್ಳೆ. 11.05: ಪ್ರಿಂಟರಿನ ಹಸಿರು ದೀಪದ ಸುತ್ತ ಸಣ್ಣ ಪತಂಗ ಎರಡು, ಹೆಸರರಿಯದ ರೆಕ್ಕೆ ಇರುವೆಗಳು ಏಳೆಂಟು. 11.32: ಕಿಟಕಿಯ ಚೌಕಟ್ಟಿನಿಂದ ಹಲ್ಲಿ. ಮನೆಹಲ್ಲಿಯೇ, ಬಾಲ ಒಮ್ಮೆ ಕಡಿದು ಮತ್ತೆ ಬೆಳೆದದ್ದು. ಪತಂಗವೊಂದನ್ನು ಹಿಡಿಯಿತು, ನುಂಗಿತು, ಸಂದಿಯಿಂದ ಒಳಗೆ ಹೋಯಿತು. ಒಳಗೆ ಬೆಚ್ಚಗಿದೆ. ರೋಲಿನ ಪಕ್ಕೆಯಲ್ಲಿ, ಸರಿಯಾಗಿ ಆ ಕಣ್ಣಿನ ಎದುರು, ಹೊಟ್ಟೆಯ ಬಿಳಿ ಭಾಗ ಒತ್ತಿ ಕೂತಿತು. ನನ್ನ ಜೇಬಿನಲ್ಲಿ ಫೋನ್ ನಡುಗಿತು: "ರೋಲ್ ಸರಿ ಇದೆ."

ಹಲ್ಲಿ ಬೇಟೆಗೆ ಹೊರಬಂತು. "ರೋಲ್ ತನ್ನಿ."

ಹಲ್ಲಿ ನುಡಿದರೆ ಶಕುನ ನೋಡುವ ನಾಡಿನವರು ನಾವು. ಪಂಚಾಂಗದಲ್ಲಿ ಅದು ಮೈಮೇಲೆ ಬಿದ್ದರೆ ಯಾವ ಅಂಗಕ್ಕೆ ಯಾವ ಫಲ ಎಂದು ಪಟ್ಟಿಯೇ ಇದೆ. ಹಲ್ಲಿ ಮೇಲ್ ಕಳಿಸಿದರೆ ಏನು ಫಲ ಎಂದು ಅದರಲ್ಲಿಲ್ಲ. ಒಂದೂವರೆಯ ವರೆಗೆ ಕೂತು ನೋಡಿದೆ. ಒಳಗೆ ಹೋದದ್ದು ಐದು ಸಲ, ಮೇಲ್ ಬಂದದ್ದು ಹತ್ತು. ನಲವತ್ತು ವರ್ಷ ಹಲ್ಲಿಗಳನ್ನು ನೋಡಿದ್ದರೂ ಒಂದು ಹಲ್ಲಿ ತನ್ನ ಓಡಾಟದ ನಿಮಿಷ ನಿಮಿಷದ ವರದಿಯನ್ನು ನನಗೆ ತಾನೇ ಬರೆದು ಕಳಿಸಿದ್ದು ಇದೇ ಮೊದಲು.

ಬೆಳಗ್ಗೆ ಹೆಣ್ಣುಮಗಳಿಗೆ ಹೇಳಿದರೆ ಬಿದ್ದೂ ಬಿದ್ದೂ ನಕ್ಕಳು. "ಅದು ನನ್ನಕಿಂತ ಮೊದಲಿನಿಂದ ಇಲ್ಲೇ ಅದರೀ ಕಾಕಾ. ಹೊಡೀಬ್ಯಾಡ್ರಿ." ಹೊಡೆಯುವ ಮಾತೇ ಇರಲಿಲ್ಲ. ಕೊಂಡಿ ಬದಲಿಸಿದೆ, ಮುಚ್ಚಳ ಕಚ್ಚಿ ಕೂತಿತು. ಉದ್ಯಾನ ಮುಚ್ಚಿದ ಮೇಲೆ ಬರುವ "ರೋಲ್ ತನ್ನಿ"ಗಳನ್ನು ಅಂಚೆಯವನು ಬೆಳಗ್ಗೆ ಎಂಟರ ವರೆಗೆ ತನ್ನಲ್ಲೇ ಇಟ್ಟುಕೊಳ್ಳುವಂತೆ ಮಾಡಿದೆ. ವಿದ್ಯುತ್ ಅಡಾಪ್ಟರಿನ ಹಿಂದೆ, ಗೋಡೆಯ ಬೆಚ್ಚನೆಯ ಸಂದಿಯಲ್ಲಿ, ಎರಡು ಬಿಳಿ ಮೊಟ್ಟೆ ಇದ್ದವು. ಅಲ್ಲಿಗೆ ಕೈ ಹಾಕಲಿಲ್ಲ.

ಮೇ 24ರಿಂದ ಜೂನ್ 2. ಬಿಸಿಲು. ಮಧ್ಯಾಹ್ನ ಮೂರಕ್ಕೆ ತಗಡಿನ ಕೆಳಗೆ ಕೈಯಿಟ್ಟರೆ ಮೇಜು ಸುಡುತ್ತದೆ. ತಲೆ ಕಾದಾಗ ಪ್ರಿಂಟರ್ ತಾನೇ ನಿಂತು, ತಣಿದ ಮೇಲೆ ಮುಂದುವರಿಯುತ್ತದೆ. ಬುದ್ಧಿವಂತ ಪ್ರಾಣಿ, ಎಮ್ಮೆಯಷ್ಟೇ. ಕಚೇರಿಗೆ ಮೂರು ದಿನದಲ್ಲಿ ಒಂಬತ್ತು "ತಲೆ ಬಿಸಿ" ಹೋದ ಮೇಲೆ ತಗಡಿನ ಮೇಲೆ ಹಸಿರು ಬಲೆ ಬಂತು, ಕಿಟಕಿಗೆ ಲಾವಂಚದ ತಡಿಕೆ ಬಂತು. ಆ ಹೆಣ್ಣುಮಗಳು ಎರಡು ಬೇಸಿಗೆಯಿಂದ ಬಾಯಿಬಿಟ್ಟು ಕೇಳಿದ್ದಳು. ಪ್ರಿಂಟರ್ ಬರೆದು ಕೇಳಿದ್ದಕ್ಕೆ ಸಿಕ್ಕಿತು.

ಜೂನ್ 9, ಬೆಳಗ್ಗೆ. ಬೇವಿನ ಹಣ್ಣು ಉದುರಿವೆ, ಪಿಕಳಾರಗಳು ಗುಂಪಾಗಿವೆ. ಕಪ್ಪುಬಿಳುಪು ಜುಟ್ಟಿನ ಚಾತಕ ಕಂಬಿಯ ಮೇಲೆ. ಈ ವರ್ಷ ನಾನು ನೋಡಿದ ಮೊದಲನೆಯದು. ನೈರುತ್ಯ ಮಾರುತದ ಜೊತೆ ಆಫ್ರಿಕದಿಂದ ಬರುವ ಹಕ್ಕಿ. ಬರೆದುಕೊಳ್ಳುತ್ತ ಕೂತಿದ್ದಾಗ ಏನೋ ಸರಿಯಿಲ್ಲ ಎನ್ನಿಸಿತು. ಹರಟೆಮಲ್ಲಗಳ ಸದ್ದಿಲ್ಲ, ಅಳಿಲಿನದೂ ಇಲ್ಲ. ಕತ್ತೆತ್ತಿದರೆ ಶಿಕ್ರ ಅದೇ ಬೇವಿನಲ್ಲಿ, ನನ್ನ ತಲೆಯ ಮೇಲೆ ಕೂತಿತ್ತು. ಆಗಲೇ ಇನ್ನೊಂದು ಹೊಳೆಯಿತು: ಎರಡು ದಿನದಿಂದ ಪ್ರಿಂಟರಿನಿಂದ ಒಂದು ಮೇಲ್ ಕೂಡ ಬಂದಿಲ್ಲ.

ಕೌಂಟರಿನಲ್ಲಿ ವಿಚಾರಿಸಿದರೆ ಟಿಕೆಟ್ ಕೈಯಲ್ಲಿ ಹರಿದು ಕೊಡುತ್ತಿದ್ದಳು. ನೀಲಿ ಕೇಬಲನ್ನು ಹೆಗ್ಗಣ ಕಡಿದಿತ್ತು. ಸಾಲಿನವರ ಗದ್ದಲದಲ್ಲಿ ಅವಳು ಹಳೆಯ ಟಿಕೆಟ್ ಪುಸ್ತಕ ತೆಗೆದಿದ್ದಳು. ಕಚೇರಿಯವರು ಮೇಲ್ ಬರದಿದ್ದದ್ದಕ್ಕೆ ಎಲ್ಲ ಚೆನ್ನಾಗಿದೆ ಎಂದು ನೆಮ್ಮದಿಯಾಗಿದ್ದರು. ಇದು ನನ್ನದೇ ತಪ್ಪು. ಕೊರಳು ಕಡಿದ ಹಕ್ಕಿ ಕೂಗುವುದಿಲ್ಲ ಎಂಬುದನ್ನು ಕಾಡಿನಲ್ಲಿ ತಿಳಿದಿದ್ದವನು ಕೌಂಟರಿನಲ್ಲಿ ಮರೆತಿದ್ದೆ. ಹದಿನೆಂಟು ಬಗೆಯ ಎಚ್ಚರಿಕೆಗಳ ಪಟ್ಟಿಯಲ್ಲಿ "ನಾನು ಸತ್ತಿದ್ದೇನೆ" ಎಂಬುದೊಂದು ಇರುವುದಿಲ್ಲ, ಇರಲೂ ಆಗದು.

ಕೇಬಲನ್ನು ಕಬ್ಬಿಣದ ಕೊಳವೆಯಲ್ಲಿ ಹಾಯಿಸಿದೆ. ಕಚೇರಿಯ ಕಂಪ್ಯೂಟರಿಗೆ ಒಂದು ಕೆಲಸ ಹಚ್ಚಿದೆ: ಉದ್ಯಾನ ತೆರೆದಿರುವ ಹೊತ್ತಿನಲ್ಲಿ ಐದೈದು ನಿಮಿಷಕ್ಕೆ ಪ್ರಿಂಟರನ್ನು ಮಾತಾಡಿಸು, ಮೂರು ಸಲ ಕರೆದರೂ ಓಗೊಡದಿದ್ದರೆ ನೀನು ಕೂಗು. ಕಚೇರಿಯ ಕಂಪ್ಯೂಟರೇ ಸತ್ತರೆ? ಅದಕ್ಕೆ ದಿನಾ ಬೆಳಗ್ಗೆ 9.05ಕ್ಕೆ ನನಗೊಂದು ಮೇಲ್ ಹಾಕಲು ಹೇಳಿದೆ. ಒಂದೇ ಪದ: "ಇದ್ದೇನೆ." ಆ ಹೊತ್ತಿಗೆ ನಾನು ಚಹಾ ಕುಡಿಯುತ್ತಿರುತ್ತೇನೆ. ಬರದಿದ್ದ ದಿನ ಗೊತ್ತಾಗುತ್ತದೆ, ಕಿಟಕಿಯ ಗುಬ್ಬಿ ಬರದಿದ್ದರೆ ಗೊತ್ತಾಗುವ ಹಾಗೆ.

ಜುಲೈ 12. ಮಳೆ ನಿಂತಿದೆ. ಅಡಾಪ್ಟರಿನ ಹಿಂದೆ ಒಡೆದ ಚಿಪ್ಪು ಎರಡು, ಗೋಡೆಯ ಮೇಲೆ ಬೆರಳಿನ ಗೆಣ್ಣಿಗಿಂತ ಸ್ವಲ್ಪ ಉದ್ದದ ಹಲ್ಲಿಮರಿ ಒಂದು. "ರೋಲ್ ತನ್ನಿ" ಮೇಲ್ ಈಗಲೂ ಹೋಗುತ್ತದೆ, ಯಾರೂ ಓಡುವುದಿಲ್ಲ. ಭಾನುವಾರ ಭಾನುವಾರ ಹನ್ನೆರಡು ನಿಮಿಷ ನಡೆದು ಸಾಕಾದ ಸ್ಟೋರಿನವರು ಜೂನ್ ಕೊನೆಯಲ್ಲಿ ಹತ್ತು ರೋಲಿನ ಒಂದು ಡಬ್ಬಿಯನ್ನೇ ತಂದು ಹೆಣ್ಣುಮಗಳ ಮೇಜಿನ ಕೆಳಗಿಟ್ಟು, ಸಹಿ ಹಾಕಿಸಿಕೊಂಡು ಹೋದರು.